ಜೀಪಿನ ಮುಖಕ್ಕೊಂದು ಜಾಲರಿ



ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಹೊಲದಾರಿಗಳಲ್ಲಿ ಜೀಪು ಓಡಾಡುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಅದರ ಹಿಂದೆ ಜೋತುಬಿದ್ದು ಸಂತೆಗೂ ಹೋಗಿರಬಹುದು. ಆ ಮಾತು ಬೇರೆ. ಆ ಜೀಪಿನ ಮುಂಭಾಗದಲ್ಲಿ ಉದ್ದುದ್ದ ಸೀಳುಗಳಿರುವುದು ಏತಕ್ಕೆಂದು ಎಂದಾದರೂ ಯೋಚಿಸಿದ್ದೀರಾ? ಆ ಸೀಳುಗಳ ಹಿಂದೆ ಮನೆಯಲ್ಲಿಯೇ ಮಾಡಿದ ಒಂದು ತಂತಿಯ ಜಾಲರಿಯನ್ನು ಕೂಡಿಸುವ ಬಗೆಯನ್ನು ಈ ಲೇಖನದಲ್ಲಿ ತಿಳಿಸುತ್ತೇನೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕೃಷ್ಣಾ ನದಿಯ ಈಚೆ ದಂಡೆಯ ಹಳ್ಳಿಯಲ್ಲಿ ನಮ್ಮ ಪರಿಚಯದ ರೈತರೊಬ್ಬರ ಹಳೆಯ ಜೀಪು ಇದೆ. ತೊಗರಿಯ ರಾಶಿ, ಹತ್ತಿ ಬಿಡಿಸುವ ಕಾಲದಲ್ಲಿ ಹೊಟ್ಟು, ಅರಳೆಯ ಎಳೆ, ಮಿಡತೆ ಎಲ್ಲವೂ ಆ ಸೀಳುಗಳೊಳಗೆ ನುಗ್ಗಿ ರೇಡಿಯೇಟರಿಗೆ ಮೆತ್ತಿಕೊಳ್ಳುತ್ತಿದ್ದವು. "ಏನ್ ಮಾಡೋಣ್ರಿ ಸರ?" ಎಂದು ಅವರು ಕೇಳಿದಾಗ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಮುಂದೆ ಕಟ್ಟಿರೆಂದು ಸಲಹೆ ಕೊಟ್ಟವನು ನಾನೇ. ಹದಿನೈದು ದಿನಗಳ ನಂತರ, ಜ್ವರದಿಂದ ಬಳಲುತ್ತಿದ್ದ ಮಗುವೊಂದನ್ನು ಅದೇ ಜೀಪಿನಲ್ಲಿ ರಾಯಚೂರಿಗೆ ಒಯ್ಯುವಾಗ, ಸೇತುವೆ ಇನ್ನೂ ದೂರವಿರುವಾಗಲೇ ನೀರು ಕುದಿದು ಗಾಡಿ ನಿಂತಿತು. ಮಗುವಿನ ಸೋದರಮಾವ ಅವಸರದಿಂದ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋದ. ಚಾಲಕ ಅವನ ಕೈ ಹಿಡಿದು ಎಳೆದ. ಮುಕ್ಕಾಲು ಗಂಟೆ ಮರದ ನೆರಳಿನಲ್ಲಿ ಕುಳಿತೆವು. ಹಿಂದಿನಿಂದ ಬಂದ ಲಾರಿಯವರು ಮಗುವನ್ನೂ ತಾಯಿಯನ್ನೂ ಹತ್ತಿಸಿಕೊಂಡರು, ಮಗು ಗುಣವಾಯಿತು. ಆದರೆ ಆ ಮುಕ್ಕಾಲು ಗಂಟೆ ಆ ತಾಯಿ ನನ್ನ ಕಡೆ ನೋಡಿದ್ದನ್ನು ನಾನು ಮರೆತಿಲ್ಲ.

ಆ ಮುಚ್ಚಳದ ವಿಷಯವನ್ನು ಪಾಲಕರೂ ಗಮನಿಸಬೇಕು. ಸಾಮಾನ್ಯವಾಗಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ, ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಗೇ ಇಳಿದು, ಕುದಿಯುವ ನೀರೂ ಹಬೆಯೂ ಮುಖಕ್ಕೆ ಹಾರುತ್ತವೆ. ಎಂಜಿನ್ ಪೂರ್ತಿ ತಣಿಯುವವರೆಗೆ ಅದನ್ನು ಯಾರೂ ಮುಟ್ಟಕೂಡದು.

ಇನ್ನು ಸೀಳುಗಳ ಕತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅಮೆರಿಕದ ವಿಲ್ಲೀಸ್ ಕಂಪನಿ ಸೇನೆಗೆ ಮಾಡಿಕೊಟ್ಟ ಮೊದಲ ಜೀಪುಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಮುಖವಿತ್ತು. ಬಳಿಕ ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಸೀಳು ಮಾಡುವ ಕ್ರಮ ಬಂದಿತು. ಯುದ್ಧ ಮುಗಿದ ಮೇಲೆ ಜನರಿಗಾಗಿ ಮಾಡಿದ ಜೀಪಿಗೆ ಏಳು ಸೀಳು. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿದರು. ಸೀಳುಗಳು ಎಷ್ಟೇ ಇರಲಿ, ಕೆಲಸ ಒಂದೇ: ಗಾಳಿಯನ್ನು ಒಳಗೆ ಬಿಡುವುದು. ಎಂಜಿನ್ನಿನಲ್ಲಿ ಕಾಯ್ದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿಯುವಾಗ, ಫ್ಯಾನು ಎಳೆದ ಗಾಳಿ ಕೊಳವೆಗಳ ನಡುವಿನ ತೆಳು ರೆಕ್ಕೆಗಳನ್ನು ತಾಕಿ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ನಿಂತರೆ ನೀರು ಕುದಿಯಲೇಬೇಕು.

ಹಾಗಾದರೆ ಸೊಳ್ಳೆ ಜಾಲರಿ ಗಾಳಿಯನ್ನು ಎಷ್ಟು ತಡೆಯಿತು? ಲೆಕ್ಕ ಮಾಡಿ ನೋಡೋಣ. ನಾರಾಯಣಪೇಟೆಯ ಸೀರೆಯಾಗಲಿ ಗದ್ವಾಲದ ಸೀರೆಯಾಗಲಿ ಹಾಸು ಹೊಕ್ಕುಗಳಿಂದ ಆಗುತ್ತದೆ. ಅಂಗುಲಕ್ಕೆ ಹಾಸಿನ ಎಳೆ ಎಷ್ಟೆಂಬುದನ್ನು ಮಗ್ಗದ ಹಣಿಗೆ ಗೊತ್ತುಮಾಡುತ್ತದೆ. ತಂತಿಯ ಜಾಲರಿಯೂ ಹಾಗೆಯೇ. ನೇಕಾರ ಎಳೆಯನ್ನು ಎಣಿಸಿದರೆ ನಾವು ಎಳೆಗಳ ನಡುವಿನ ಬಯಲನ್ನು ಎಣಿಸಬೇಕು, ಅಷ್ಟೇ ವ್ಯತ್ಯಾಸ.

ಸೊಳ್ಳೆ ಜಾಲರಿಯ ತಂತಿಗಳು 1.5 ಮಿ.ಮೀ.ಗೆ ಒಂದರಂತಿದ್ದು ತಂತಿ 0.3 ಮಿ.ಮೀ. ದಪ್ಪವಿದ್ದರೆ, ಕಣ್ಣು 1.2 ಮಿ.ಮೀ. ಚೌಕ. 1.2ರ ವರ್ಗ 1.44, 1.5ರ ವರ್ಗ 2.25. ಭಾಗಿಸಿದರೆ ನೂರಕ್ಕೆ 64 ಪಾಲು ಬಯಲು. ಈಗ 6 ಮಿ.ಮೀ.ಗೆ ಒಂದು ತಂತಿ, ತಂತಿಯ ದಪ್ಪ 1 ಮಿ.ಮೀ. ಎಂದುಕೊಳ್ಳಿ. ಕಣ್ಣು 5 ಮಿ.ಮೀ.; 25ನ್ನು 36ರಿಂದ ಭಾಗಿಸಿದರೆ ನೂರಕ್ಕೆ 69. ಅಂತರ ಬರೀ ಐದು ಪಾಲು! ಹಾಗಿದ್ದರೆ ಗಾಡಿ ನಿಂತದ್ದೇಕೆ? ನಾನು ಮೋಸಹೋದದ್ದು ಇಲ್ಲಿಯೇ. ಈ ಲೆಕ್ಕ ಹೊಸ ಜಾಲರಿಯದು. ಸಣ್ಣ ಕಣ್ಣಿಗೆ ಅರಳೆಯ ಒಂದು ಎಳೆ ಸಿಕ್ಕಿತೆಂದರೆ ಅದಕ್ಕೆ ಇನ್ನೊಂದು ಅಂಟಿ, ಮೇಲೆ ಧೂಳು ಕೂತು, ಕೆಲವೇ ದಿನಗಳಲ್ಲಿ ಕಂಬಳಿಯಾಗುತ್ತದೆ. 5 ಮಿ.ಮೀ. ಕಣ್ಣು ಮಿಡತೆ, ತೊಗರಿ ಕಡ್ಡಿ, ಎಲೆ, ಚಿಕ್ಕ ಕಲ್ಲುಗಳನ್ನು ತಡೆದು, ಎಳೆ ಹೊಟ್ಟನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಒಳಗೆ ಹೋದ ಹೊಟ್ಟನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ ತೆಗೆಯಬೇಕು. ಎಲ್ಲವನ್ನೂ ತಡೆಯುವ ಜಾಲರಿ ಗಾಳಿಯನ್ನೂ ತಡೆಯುತ್ತದೆ.

ಮಾಡುವ ಬಗೆ ಕಷ್ಟವೇನಲ್ಲ. ಎಂಜಿನ್ ನಿಲ್ಲಿಸಿ, ತಣಿದ ಮೇಲೆ, ಬ್ಯಾಟರಿಯ ತಂತಿ ಬಿಚ್ಚಿಡಿ. ಮೊದಲು ರಟ್ಟಿನಿಂದ ಅಳತೆಯ ಮಾದರಿ ಕತ್ತರಿಸಿ ಸೀಳುಗಳ ಹಿಂದೆ ಇಟ್ಟು ನೋಡಿ. ರಟ್ಟು ಹಾಳಾದರೆ ಚಿಂತೆಯಿಲ್ಲ, ಜಾಲರಿ ಹಾಳಾದರೆ ದುಡ್ಡು ಹಾಳು. ಹಳೆಯ ಜೀಪುಗಳಲ್ಲಿ ಮುಖಕ್ಕೂ ರೇಡಿಯೇಟರಿಗೂ ನಡುವೆ ಜಾಗ ಕಡಿಮೆ. ಎರಡು ಬೆರಳು ಹಿಡಿಯದಿದ್ದರೆ ಜಾಲರಿಯನ್ನು ಸೀಳುಗಳ ಮುಂದೆಯೇ ಕೂಡಿಸುವುದು ಲೇಸು. ನಡುಗುವ ತಂತಿ ರೇಡಿಯೇಟರಿಗೆ ತಾಗಿದರೆ ಕೊಳವೆ ಸವೆದು ತೂತಾಗುತ್ತದೆ. ಸತು ಲೇಪಿಸಿದ ಜಾಲರಿಯನ್ನು ತಗಡಿನ ಕತ್ತರಿಯಿಂದ ಸುತ್ತಲೂ ಅರ್ಧ ಅಂಗುಲ ಹೆಚ್ಚಾಗಿ ಕತ್ತರಿಸಿ, ಅಂಚನ್ನು ಮಡಚಿ, ಎರಡು ಕಬ್ಬಿಣದ ಪಟ್ಟಿಗಳ ನಡುವೆ ಸಿಕ್ಕಿಸಿ ಬೋಲ್ಟಿನಿಂದ ಬಿಗಿಯಬೇಕು. ಇದನ್ನು ಬೆಸೆಯಬೇಡಿ: ಸತು ಸುಟ್ಟ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ತಂತಿ ಕತ್ತರಿಸುವಾಗ ತುಣುಕು ಕಣ್ಣಿಗೆ ಹಾರೀತು. ಕನ್ನಡಕ, ಕೈಗವಸು ಬೇಕು, ಪಕ್ಕದಲ್ಲಿ ಹಿರಿಯರೂ ಬೇಕು.

ಜೀಪಿಗೆ ಕೂಡಿಸಲು ನಾಲ್ಕು ಬೋಲ್ಟು ಸಾಕು. ಹಳೆಯ ಟೈರಿನ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆಗಳನ್ನು ನಡುವೆ ಇಟ್ಟರೆ ಗಡಗಡ ಸದ್ದು ಇರುವುದಿಲ್ಲ. ಪಾನಾ ಇಲ್ಲದೆ ಕೈಯಿಂದಲೇ ತಿರುಗಿಸುವ ರೆಕ್ಕೆಯ ನಟ್ಟು ಹಾಕಿ. ಬಿಚ್ಚುವುದು ಕಷ್ಟವಾದರೆ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ. ಬಣ್ಣ ತೆಳ್ಳಗಿರಲಿ, ದಪ್ಪ ಬಳಿದರೆ ಕಣ್ಣು ಕಿರಿದಾಗುತ್ತದೆ. ದೀಪಗಳಿಗೂ ನಂಬರ್ ಫಲಕಕ್ಕೂ ಅಡ್ಡ ಬರಕೂಡದು. ಮುಂದಕ್ಕೆ ಚಾಚಿದ ಕಬ್ಬಿಣದ ಗಾರ್ಡು ಕಾನೂನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ನಮ್ಮ ಜಾಲರಿ ಮುಖಕ್ಕೆ ಅಂಟಿಕೊಂಡೇ ಇರಲಿ.

ಕೊನೆಗೆ ಪರೀಕ್ಷೆ. ಜಾಲರಿ ಇಲ್ಲದೆ ಒಮ್ಮೆ, ಕೂಡಿಸಿ ಒಮ್ಮೆ, ಒಂದೇ ದಾರಿಯಲ್ಲಿ ಒಂದೇ ಭಾರ ಹೊತ್ತು ನಡುಹಗಲಿನಲ್ಲಿ ಓಡಿಸಿ ಶಾಖದ ಮುಳ್ಳನ್ನು ನೋಡಬೇಕು. ಆ ರೈತರ ಜೀಪಿನಲ್ಲಿ ಹತ್ತನೆಯ ತರಗತಿಯ ಇಬ್ಬರು ಹುಡುಗರು ಹೀಗೆ ನೋಡಿ ಬರೆದುಕೊಂಡರು. ಮುಳ್ಳು ಎರಡು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತ್ತು. ರಾಶಿ ಮುಗಿದ ಮೇಲೆ ಜಾಲರಿ ಬಿಚ್ಚಿ ಕಾಗದದ ಮೇಲೆ ಕೊಡವಿದಾಗ ಸಿಕ್ಕದ್ದು ಹನ್ನೊಂದು ಮಿಡತೆ, ಒಂದು ಹಿಡಿ ತೊಗರಿ ಕಡ್ಡಿ, ಒಂದು ಗುಬ್ಬಿಯ ಗರಿ.