ಬೇಸ್ ಗಿಟಾರ್ ದನಿ ಕಳೆದುಕೊಂಡರೆ: ಮನೆಯಲ್ಲೇ ದುರಸ್ತಿಯ ಸೂತ್ರಗಳು

ನಾಳೆ ಕಾರ್ಯಕ್ರಮ, ಇವತ್ತು ಬೇಸ್‌ನಿಂದ ಸದ್ದೇ ಇಲ್ಲ. ಗಾಬರಿ ಬೇಡ. ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನ ಒಳಗೆ ಇದ್ದದ್ದು ಒಂದು ಪಿಕಪ್, ಎರಡು ಪಾಟ್ (ನಾಬ್‌ನಡಿಯ ಪೊಟೆನ್ಶಿಯೋಮೀಟರ್), ಒಂದು ಕೆಪಾಸಿಟರ್, ಒಂದು ಜ್ಯಾಕ್. ಇಂದಿನ ಪ್ರಿಸಿಷನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ದೋಷದ ಜಾಗ ಹಿಡಿದರೆ ಮುಕ್ಕಾಲು ಕೆಲಸ ಮುಗಿಯಿತು.

1. ಹೊರಗಿನಿಂದ ಒಳಗೆ ಬನ್ನಿ. ಮೊದಲು ಕೇಬಲ್ ಬದಲಿಸಿ, ಆಮೇಲೆ ಬೇರೆ ಆಂಪ್‌ಗೆ ಹಾಕಿ ನೋಡಿ. ಆಕ್ಟಿವ್ ಬೇಸ್‌ನ ದನಿ ಸೊರಗಿದ್ದರೆ, ಒಡೆದಂತೆ ಕೇಳಿದರೆ ಮೊದಲ ಅನುಮಾನ 9 ವೋಲ್ಟ್ ಬ್ಯಾಟರಿಯ ಮೇಲಿರಲಿ. ಕೇಬಲ್ ಚುಚ್ಚಿದೊಡನೆ ಒಳಗಿನ ಪ್ರಿಆಂಪ್ ಆನ್ ಆಗುತ್ತದೆ. ನುಡಿಸಿ ಮುಗಿದ ಮೇಲೂ ಕೇಬಲ್ ಕೀಳದಿದ್ದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

2. ಬಿಚ್ಚದೆಯೇ ಅಳೆಯಿರಿ. ಈ ಉಪಾಯ ಪ್ಯಾಸಿವ್ (ಬ್ಯಾಟರಿಯಿಲ್ಲದ) ಬೇಸ್‌ಗೆ ಮಾತ್ರ. ಕಲಿತರೆ ಗಂಟೆಗಟ್ಟಲೆ ಹುಡುಕಾಟ ತಪ್ಪುತ್ತದೆ. ಕೇಬಲ್‌ನ ಒಂದು ತುದಿಯನ್ನು ಬೇಸ್‌ಗೆ ಹಾಕಿ, ಇನ್ನೊಂದು ತುದಿಯ ಪಿನ್ನಿನ ಮೊನೆಗೆ ಮಲ್ಟಿಮೀಟರ್‌ನ ಒಂದು ಕಡ್ಡಿ, ಬುಡದ ಲೋಹಕ್ಕೆ ಇನ್ನೊಂದು ಕಡ್ಡಿ ಹಿಡಿಯಿರಿ. ಪ್ರಿಸಿಷನ್ ಬೇಸ್‌ನ ವಾಲ್ಯೂಮ್ ಪೂರ್ತಿ ಏರಿಸಿದಾಗ 10 ಕಿಲೋ ಓಮ್ ಆಸುಪಾಸು ಬಂದರೆ ಪಿಕಪ್, ಪಾಟ್, ಜ್ಯಾಕ್ ಸಾಮಾನ್ಯವಾಗಿ ಸರಿಯಾಗಿವೆ. 250 ಕಿಲೋ ಓಮ್ ಬಂದರೆ ಮೀಟರ್ ತೋರಿಸುತ್ತಿರುವುದು ಪಾಟನ್ನು ಮಾತ್ರ. ಪಿಕಪ್‌ನ ಸುರುಳಿಯೋ ಅದರ ವೈರೋ ತುಂಡಾಗಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಏನೂ ಬರದಿದ್ದರೆ ಮೀಟರನ್ನು ದೊಡ್ಡ ರೇಂಜ್‌ಗೆ ತಿರುಗಿಸಿ. ಆಗಲೂ ಏನೂ ಇಲ್ಲವೆಂದರೆ ಜ್ಯಾಕ್‌ನ ವೈರ್ ಬಿಟ್ಟಿದೆ.

3. ಜ್ಯಾಕ್‌ನ ನಟ್ಟು ಸಡಿಲವಾಗಲು ಬಿಡಬೇಡಿ. ಕೇಬಲ್ ತಿರುಗಿದಂತೆಲ್ಲ ಜ್ಯಾಕೂ ತಿರುಗಿ, ಒಳಗಿನ ವೈರ್ ಹುರಿಗೊಂಡು ಬೆಸುಗೆಯ ಬುಡದಲ್ಲೇ ತುಂಡಾಗುತ್ತದೆ. ಬಿಗಿ ಮಾಡುವಾಗ ಪ್ಲೇಟ್ ಬಿಚ್ಚಿ, ಜ್ಯಾಕನ್ನು ಒಳಗಡೆಯಿಂದ ಹಿಡಿದುಕೊಂಡೇ ನಟ್ಟು ತಿರುಗಿಸಿ.

4. ನಾಬ್ ತಿರುಗಿಸಿದಾಗ ಕರಕರ ಎಂದರೆ ಪಾಟ್ ಬದಲಿಸಲು ಹೊರಡಬೇಡಿ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ಪಾಟ್‌ನ ಸಂದಿಗೆ ಸಿಂಪಡಿಸಿ, ನಾಬನ್ನು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ.

5. ಗುಂಯ್‌ಗುಟ್ಟುತ್ತಿದ್ದರೆ ತಂತಿ ಮುಟ್ಟಿ ನೋಡಿ. ಮುಟ್ಟಿದಾಗ ಕಡಿಮೆಯಾದರೆ ಗ್ರೌಂಡ್ ಸರಿಯಿದೆ, ಶೀಲ್ಡಿಂಗ್ ಸಾಲದು. ವೈರಿಂಗ್ ಇರುವ ಗುಳಿಯ ಒಳಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡ್‌ಗೆ ಸೇರಿಸಿ. ಏನೂ ವ್ಯತ್ಯಾಸವಾಗದಿದ್ದರೆ ಬ್ರಿಡ್ಜ್‌ನಡಿಯ ಗ್ರೌಂಡ್ ವೈರ್ ನೋಡಿ. ಮುಟ್ಟಿದಾಗ ಇನ್ನೂ ಹೆಚ್ಚಾದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿರಬಹುದು. ಎರಡು ಪಿಕಪ್‌ಗಳ ಜಾಝ್ ಬೇಸ್‌ನಲ್ಲಿ ಒಂದು ವಾಲ್ಯೂಮ್ ಇಳಿಸಿದಾಗ ಮಾತ್ರ ಗುಂಯ್ ಬಂದರೆ ಅದು ದೋಷವಲ್ಲ: ಎರಡೂ ಪಿಕಪ್ ಸಮನಾಗಿದ್ದಾಗಷ್ಟೇ ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ.

6. ಬೆಸುಗೆಗೆ ಅವಸರ ಬೇಡ. ವೈರ್ ಕೀಳುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ರೋಸಿನ್ ಇರುವ 60/40 ಬೆಸುಗೆ ಸೀಸ ಸಾಕು. ಬೆಂಗಳೂರಿನವರಿಗೆ ಅದೂ ಮೀಟರೂ ಎಸ್‌.ಪಿ. ರಸ್ತೆಯಲ್ಲೇ ಸಿಗುತ್ತವೆ. ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ ಹಾಕುವುದೇ ಕಷ್ಟದ ಕೆಲಸ. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಲೋಹ ಮೊದಲು ಕಾಯಲಿ. ಸೀಸ ಕರಗಿ ಹರಡಿಕೊಂಡು ಹೊಳೆಯಬೇಕು. ಮಂಕಾಗಿ ಗೋಲಿಯಂತೆ ಕುಳಿತರೆ ಅದು ಕಚ್ಚಿಲ್ಲ, ಮತ್ತೆ ಕಾಯಿಸಿ.

7. ತಂತಿ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ನಿಲ್ಲಿಸಿ. ಅಂಥ ಕರೆಂಟ್ ಬರುವುದು ಬೇಸ್‌ನಿಂದಲ್ಲ, ಆಂಪ್‌ನಿಂದ ಇಲ್ಲವೇ ಮನೆಯ ಅರ್ತಿಂಗ್‌ನಿಂದ. ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಪ್ಲಗ್‌ನ ಮೂರನೇ ಪಿನ್ನನ್ನು ಎಂದೂ ಕತ್ತರಿಸಬೇಡಿ. ಆಂಪ್ ಮಾತ್ರ ನೀವೇ ಬಿಚ್ಚಬೇಡಿ. ವಾಲ್ವ್ ಆಂಪ್‌ನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಬಲ್ಲ ಮೆಕ್ಯಾನಿಕ್‌ಗೇ ಕೊಡಿ.