ಓಸಾಕಾ ಅಲ್ಲ ತಮ್ಮಾ, ಓಸಕ

ತಮ್ಮಾ, ನೀನು ಜಪಾನಿ ಕಲಿಯುತ್ತಿದ್ದೀ, ಮುಂದಿನ ವರ್ಷ ಅಲ್ಲಿಗೆ ಹಾಡೋಕೆ ಹೋಗಬೇಕಂತಿದ್ದೀ ಅಂತ ನಿಮ್ಮವ್ವ ಹೇಳಿದಾಗ ನನ್ನ ಎದೆ ತುಂಬಿ ಬಂತು. ದೇವದುರ್ಗದಿಂದ ಬಸ್ಸಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆ ತೊಡೆಮೇಲೆ ಇಟ್ಟುಕೊಂಡು ರಾಯಚೂರಿಗೆ ಪಾಠಕ್ಕೆ ಬರುತ್ತಿದ್ದ ಹುಡುಗ ನೀನು. ನಿನಗೆ ನಾಲ್ಕು ಮಾತು ಹೇಳಲೇಬೇಕು.

ಕಳೆದ ಸಲ ಮನೆಗೆ ಬಂದಾಗ ನೋಟ್‌ಬುಕ್ ತೋರಿಸಿದೆ. ಜಪಾನಿಯ ಹಿರಗನ ಲಿಪಿಯ 46 ಅಕ್ಷರ, ಕತಕನ ಲಿಪಿಯ 46, ಎಲ್ಲ ದುಂಡಗೆ ಬರೆದಿದ್ದೆ. ಆಮೇಲೆ ಮೊಬೈಲಿನಲ್ಲಿ ಪಾಠ ಹಚ್ಚಿದೆ. ಅದರಲ್ಲಿ ಪಾಠ ಹೇಳುವ ಹೆಣ್ಣುಮಗಳು ‘ಓಸಕ’ ಅಂದಳು, ನೀನು ‘ಓಸಾಕಾ’ ಅಂದೆ. ನನ್ನ ಬೆರಳು ತಾನಾಗೇ ಎಣಿಸಿತು. ಅವಳದು ನಾಲ್ಕು ಮಾತ್ರೆ, ನಿನ್ನದು ಆರು. ‘ಹಿರೊಶಿಮ’ದಲ್ಲೂ ಹಾಗೇ ಆಯಿತು. ಅವಳು ನಾಲ್ಕೂ ಲಘು ಹಾಕಿದಳು, ನೀನು ಎರಡು ಗುರು ಸೇರಿಸಿದೆ. ತಾಳದಲ್ಲಿ ಹೀಗೆ ಎರಡು ಮಾತ್ರೆ ಹೆಚ್ಚು ಹಾಕಿದ್ದರೆ ನಿನಗೇ ಸಹಿಸಲು ಆಗುತ್ತಿರಲಿಲ್ಲ. ಮಾತಿನಲ್ಲಿ ಮಾತ್ರ ಯಾಕೆ ಬಿಟ್ಟೆ?

ನೀನು ಹಾಕಿಕೊಟ್ಟ ಪಾಠಗಳನ್ನು ಆಮೇಲೆ ಮೂರು ವಾರ ಕೇಳಿದ್ದೇನೆ. ಜಪಾನಿ ಮಾತ್ರೆಯ ಭಾಷೆ. ‘ಒಜಿಸನ್’ ಅಂದರೆ ಚಿಕ್ಕಪ್ಪ, ‘ಜಿ’ ಎಳೆದು ‘ಒಜೀಸನ್’ ಅಂದರೆ ಅಜ್ಜ. ‘ಕಿತೆ’ ಅಂದರೆ ಬಾ, ಒತ್ತಕ್ಷರ ಬಿದ್ದು ‘ಕಿತ್ತೆ’ ಆದರೆ ಅಂಚೆಚೀಟಿ. ಕತೆ ಬೇರೆ ಕತ್ತೆ ಬೇರೆ ಅಂತ ತೊಟ್ಟಿಲಲ್ಲೇ ತಿಳಿದ ನಮಗೆ ಇದು ಹೊಸದಲ್ಲ. ‘ನಿಪ್ಪೊನ್’ ಅನ್ನುವ ಅವರ ದೇಶದ ಹೆಸರಿಗೆ ಪ್ರಸ್ತಾರ ಹಾಕಿ ನೋಡು. ಎರಡು ಗುರು, ನಾಲ್ಕು ಮಾತ್ರೆ. ಅವರೂ ನಾಲ್ಕೇ ಎಣಿಸುತ್ತಾರೆ. ಅವರ ಹೈಕು ಐದು, ಏಳು, ಐದು. ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುವ ಭಾಮಿನಿ ಷಟ್ಪದಿ ಹಾಡಿದ ನಿನಗೆ ಆ ಲೆಕ್ಕ ಕಷ್ಟವಾಗದು. ವಾಕ್ಯವೂ ನಮ್ಮ ಹಾದಿಯಲ್ಲೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ಹಿಂದೆ. ರಾಯಚೂರು ‘ಕರ’ ಅಂದರೆ ರಾಯಚೂರಿನಿಂದ, ‘ಮದೆ’ ಅಂದರೆ ವರೆಗೆ. ರಾಯಚೂರಿನ ತೀನ್ ಕಂದೀಲಿನಲ್ಲಿ ನಿಂತು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ಮಾಡುವವನು ನೀನು. ಇಂಗ್ಲಿಷಿನ ಮೂಲಕ ಸುತ್ತು ಹಾಕಬೇಡ. ಕನ್ನಡದಿಂದ ನೇರ ಜಪಾನಿಗೆ ಹೋಗು.

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬರಿ, ಬೇಡ ಅನ್ನುವುದಿಲ್ಲ. ಜುಲೈ, ಡಿಸೆಂಬರ್‌ನಲ್ಲಿ ಬೆಂಗಳೂರಲ್ಲೂ ನಡೆಯುತ್ತದೆ, ಎನ್5ರಿಂದ ಎನ್1ರವರೆಗೆ ಐದು ಹಂತ. ಆದರೆ ಆ ಪರೀಕ್ಷೆಯಲ್ಲಿ ಬಾಯಿಬಿಟ್ಟು ಮಾತಾಡುವ ಭಾಗವೇ ಇಲ್ಲ. ಪಾಸಾದವನು ಮಾತಾಡಬಲ್ಲ ಅಂತ ತಿಳಿಯಬೇಡ. ಸರ್ಗಮ್ ಬರೆದುಕೊಂಡವನೆಲ್ಲ ಗಾಯಕನೇ? ದಿನಾ ಬೆಳಿಗ್ಗೆ ಷಡ್ಜ ಹಿಡಿದ ಮೇಲೆ ಹತ್ತು ನಿಮಿಷ ಆ ಹೆಣ್ಣುಮಗಳ ಹಿಂದೆ ಹಿಂದೆ ಹೇಳು. ಪುಸ್ತಕ ಮುಚ್ಚಿಡು.

ಇನ್ನು ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತು. ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ದಾಸರ ಪದ ಹಾಡಿದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಒಬ್ಬ ಮುದುಕಿ ಕೋಲೂರಿಕೊಂಡು ಹತ್ತಿರ ಬಂದು, ನನ್ನ ಕೈ ಹಿಡಿದು, ಎರಡನೇ ನುಡಿಯ ಅರ್ಥ ಕೇಳಿದಳು. ಅವಳ ಭಾಷೆ ನನಗೆ ಬರುತ್ತಿತ್ತು. ಪದದ ಅರ್ಥ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಹಾಡಿದ್ದೆ, ರಾಗ ಗೊತ್ತಿತ್ತು, ತಾಳ ಗೊತ್ತಿತ್ತು, ಒಳಗಿನ ಮಾತು ಗೊತ್ತಿರಲಿಲ್ಲ. ಅವಳು ಕಾದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಆದ್ದರಿಂದ ಟೋಕಿಯೊಗೆ ಮೊದಲು ಮಾನ್ವಿಗೆ ಹೋಗು. ಜಗನ್ನಾಥದಾಸರು ನೆಲೆಸಿದ ಊರು. ಅವರ ಹರಿಕಥಾಮೃತಸಾರವನ್ನು ಅರ್ಥಸಹಿತ ಬಿಡಿಸಿ ಹೇಳುವ ಹಿರಿಯರ ಮುಂದೆ ಕೂತುಕೋ. ವಿಜಯದಾಸರ ಚೀಕಲಪರವಿ ಅದೇ ತಾಲ್ಲೂಕು, ಗೋಪಾಲದಾಸರ ಮೊಸರಕಲ್ಲು ನಿನ್ನ ದೇವದುರ್ಗದ್ದೇ. ನೀನು ಹಾಡುವ ಐದು ಪದ ಆರಿಸಿಕೊಂಡು, ಒಂದೊಂದರ ಅರ್ಥವನ್ನು ಎರಡು ವಾಕ್ಯದ ಜಪಾನಿಯಲ್ಲಿ ಹೇಳಲು ಕಲಿ. ಅಲ್ಲಿಯ ಜನ ಬೆಂಜೈತೆನ್ ಎಂಬ ದೇವತೆಯ ಕೈಗೆ ಬಿವ ಎಂಬ ತಂತಿವಾದ್ಯ ಕೊಟ್ಟು ಪೂಜಿಸುತ್ತಾರೆ. ಅವಳು ಬೌದ್ಧರೊಡನೆ ಅಲ್ಲಿಗೆ ಹೋದ ನಮ್ಮ ಸರಸ್ವತಿಯೇ. ಅವಳ ಹೆಸರಿನಿಂದ ಮಾತು ಶುರುಮಾಡಿದರೆ ಕೇಳುವವರು ಹತ್ತಿರ ಸರಿಯುತ್ತಾರೆ.

ರಾಜೀವ ತಾರಾನಾಥರನ್ನು ನೆನೆ. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು. ಮಗ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಎಲಿಯಟ್ ಕವಿಯ ಮೇಲೆ ಡಾಕ್ಟರೇಟ್ ಮಾಡಿ, ಆ ವೃತ್ತಿ ಬಿಟ್ಟು ಅಲಿ ಅಕ್ಬರ್ ಖಾನರ ಬಳಿ ಸರೋದ್ ಕಲಿತರು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾದ ಕಲಾಶಾಲೆಯೊಂದರಲ್ಲಿ ಭಾರತೀಯ ಸಂಗೀತ ವಿಭಾಗ ನಡೆಸಿದರು. ಪರದೇಶದ ಮಕ್ಕಳಿಗೆ ರಾಗ ತಿಳಿಸುವಾಗ, ರಾಜೀವರ ಬೆರಳಿನಷ್ಟೇ ಅವರ ಮಾತೂ ದುಡಿದಿರಬೇಕು ಅಂತ ನನಗೆ ಅನಿಸುತ್ತದೆ.

ಕಾಗದಪತ್ರದ ವಿಷಯ. ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಇರಲಿ. ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆ ತಗೊಂಡು ಹಾಡಬೇಡ, ಅದು ಅಲ್ಲಿ ಕಾನೂನು ಮುರಿದಂತೆ. ಕರೆಸುವವರೇ ಅಲ್ಲಿಯ ವಲಸೆ ಇಲಾಖೆಯಿಂದ ಅರ್ಹತಾ ಪತ್ರ ಮಾಡಿಸಿ ಕಳಿಸಬೇಕು. ಅದು ಕೈಗೆ ಬರುವ ತನಕ ಟಿಕೆಟ್ ಬೇಡ. ಅಲ್ಲಿಯ ಕರೆಂಟು 100 ವೋಲ್ಟ್, ನಮ್ಮದು 230. ಶ್ರುತಿಪೆಟ್ಟಿಗೆಗೆ ಬ್ಯಾಟರಿ ಇಟ್ಟುಕೋ. ಇನ್ನೊಂದು, ಜಪಾನಿನವರು ಮಾತಿನ ನಡುವೆ ‘ಹಯ್, ಹಯ್’ ಅಂದರೆ ಒಪ್ಪಿದರು ಅಂತಲ್ಲ. ಕತೆ ಕೇಳುವಾಗ ನಾವು ಹ್ಞೂಂಗುಟ್ಟುತ್ತೇವಲ್ಲ, ಹಾಗೆ. ಸಂಭಾವನೆಯ ಮಾತು ಬರಹದಲ್ಲೇ ಇರಲಿ.

ಬರುವ ಭಾನುವಾರ ಬಾ. ಮಾನ್ವಿಯಲ್ಲಿ ಕೇಳಿದ ಒಂದು ಪದದ ಅರ್ಥವನ್ನು ಜಪಾನಿಯಲ್ಲಿ ಹೇಳು, ನಾನು ಎದುರಿಗೆ ಕೂತು ತಾಳ ಹಾಕುತ್ತೇನೆ. ಮಾತು ನನಗೆ ತಿಳಿಯಲಿಕ್ಕಿಲ್ಲ, ಮಾತ್ರೆ ತಪ್ಪಿದರೆ ತಿಳಿಯುತ್ತದೆ.