ತಲೆಯ ಭಾರ ಇಳಿಸಿಕೋ

ಪುಟ್ಟೀ, ಇಡೀ ಪ್ರೋಗ್ರಾಂ ತಲೆಯಲ್ಲಿ ನಿಲ್ಲೋದಿಲ್ಲ, ಇದು ನನ್ನ ಕೈಲಾಗದ ಕೆಲಸ ಅಂತ ಅತ್ತೆಯಂತೆ. ನಿನ್ನಮ್ಮ ಶಿಕಾರಿಪುರದಿಂದ ಫೋನ್ ಮಾಡಿದ್ದಳು. ಅದು ಯಾರ ತಲೆಯಲ್ಲೂ ನಿಲ್ಲೋದಿಲ್ಲ ಕಣೇ. ಒಮ್ಮೆಗೆ ಮನಸ್ಸು ಹಿಡಿದಿಡಬಲ್ಲದ್ದು ಏಳರ ಆಸುಪಾಸಿನಷ್ಟು ಸಂಗತಿ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದರು. ಆಮೇಲಿನವರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಮಿಕ್ಕದ್ದನ್ನು ಹೊರಲಿಕ್ಕೇ ಸಲಕರಣೆಗಳಿರುವುದು.

ನಿಮ್ಮೂರಿನ ಪಿನ್‌ಕೋಡನ್ನೇ ತಗೋ. ಫಾರ್ಮಿನಿಂದ ಬಂದ 577427 ಸ್ಟ್ರಿಂಗ್, ನಿನ್ನ ಪಟ್ಟಿಯಲ್ಲಿರುವ 577427 ಸಂಖ್ಯೆ. ಎರಡನ್ನೂ ಹೋಲಿಸಿದರೆ ಪೈಥಾನ್ ತಕರಾರಿಲ್ಲದೆ 'ಒಂದೇ ಅಲ್ಲ' ಎನ್ನುತ್ತದೆ. ಪ್ರಿಂಟ್ ಮಾಡಿ ನೋಡಿದರೆ ಎರಡೂ ಒಂದೇ! ಎಷ್ಟು ದಿಟ್ಟಿಸಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಫಂಕ್ಷನ್ನಿಗೂ ಟೈಪ್ ಬರೆದು, ಟೈಪ್ ತಪ್ಪು ಹುಡುಕುವ ಮೈಪೈಯನ್ನು ಸ್ಟ್ರಿಕ್ಟ್ ಮೋಡಿನಲ್ಲಿ ಓಡಿಸು. ಯಾವ ಸಾಲು ಅಂತ ಅದೇ ಬೆರಳಿಟ್ಟು ತೋರಿಸುತ್ತದೆ. ಎಲ್ಲಿ ಯಾವ ಟೈಪ್ ಇತ್ತು ಎಂದು ನೆನಪಿಡುವುದು ನಿನ್ನ ಕೆಲಸವಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿಗೆ ನೆಚ್ಚಿಕೆಯಿಲ್ಲ. ಹೋದ ಕರೆಂಟ್ ಬರುವಷ್ಟರಲ್ಲಿ ಏನು ಯೋಚಿಸುತ್ತಿದ್ದೆ ಎನ್ನುವುದೂ ಹೋಗಿರುತ್ತದೆ. ಒಬ್ಬರೇ ಕೆಲಸ ಮಾಡುವವರು ಏಳುವ ಮುಂಚೆ ಒಂದು ಟೆಸ್ಟನ್ನು ಬೇಕೆಂದೇ ಫೇಲಾಗಿಟ್ಟು ಏಳಿ ಎನ್ನುತ್ತಾರೆ ಪ್ರೋಗ್ರಾಮರ್ ಕೆಂಟ್ ಬೆಕ್. ಬಂದು ಓಡಿಸಿದರೆ ಆ ಕೆಂಪು ಸಾಲೇ ಮುಂದಿನ ಕೆಲಸ ಹೇಳುತ್ತದೆ. ಇದೊಂದನ್ನು ನಾಳೆಯಿಂದಲೇ ರೂಢಿ ಮಾಡಿಕೋ.

ಇನ್ನು ಗಿಟ್. ಕಮಿಟ್ ಸಂದೇಶದಲ್ಲಿ ಬರೀ 'ಸರಿಮಾಡಿದೆ' ಅಂತ ಬರೆಯಬೇಡ. ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಶಾಸನದ ಕಂಬ ನೋಡಿದ್ದೀಯಲ್ಲ? ಕದಂಬ ದೊರೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಎಂದಷ್ಟೇ ಬರೆದು ಕವಿ ಕುಬ್ಜ ಕೈತೊಳೆದುಕೊಳ್ಳಲಿಲ್ಲ. ದೊರೆ ಶಾಂತಿವರ್ಮನ ಅಪ್ಪಣೆಯಂತೆ ತಾನೇ ಬರೆದೆ ಎಂದ. ಕಂಚಿಗೆ ಓದಲು ಹೋದ ಆ ವಂಶದ ಮೂಲಪುರುಷ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಕತ್ತಿ ಹಿಡಿದ ಕಾರಣವನ್ನೂ ಹೇಳಿದ. ಆ ಬರಹ 5ನೇ ಶತಮಾನದ್ದು, ನಮಗೆ ಇವತ್ತಿಗೂ ತಿಳಿಯುತ್ತದೆ. ಈ ಬದಲಾವಣೆ ಯಾಕೆ ಬೇಕಾಯಿತು ಎನ್ನುವುದನ್ನು ನೀನೂ ಎರಡು ಸಾಲು ಬರಿ. ಆರು ತಿಂಗಳ ಮೇಲೆ ಅದನ್ನು ಓದುವವಳು ಎಲ್ಲ ಮರೆತಿರುವ ನೀನೇ.

ಎಲ್ಲ ಸಲಕರಣೆಯೂ ಭಾರ ಇಳಿಸುವುದಿಲ್ಲ. ಅಕ್ಷರ ಅಕ್ಷರಕ್ಕೂ ಎದ್ದು ಬರುವ ಸಲಹೆಗಳು ಗಮನವನ್ನು ಚೂರುಚೂರು ಮಾಡುತ್ತವೆ. ಅವನ್ನು ಆಫ್ ಮಾಡಿ, ಬೇಕೆಂದಾಗ ಕೇಳು. ಎಐ ಬರೆದುಕೊಟ್ಟದ್ದನ್ನು ಒಂದೇ ಸಲಕ್ಕೆ ಓದಿ ಅರಗಿಸಿಕೊಳ್ಳುವಷ್ಟೇ ತಗೋ, ಹೆಚ್ಚು ಬೇಡ.

ಸೊರಬಕ್ಕೆ ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ. ಮೈಪೈ ಹಾಕಿಕೊಡ್ತೀನಿ, ಮೊದಲನೇ ಟೆಸ್ಟನ್ನು ಇಬ್ಬರೂ ಕೂತು ಬರೆಯೋಣ.